ಸಮೂಹಮಾಪಕ ಕೇಳಿಸಿಕೊಳ್ಳದ ಮಾತು

ಹುಬ್ಬಳ್ಳಿಯ ವೃತ್ತದ ಮೇಲೆ ತೂಗುಹಾಕಿದ್ದ ಸಮೂಹಮಾಪಕ ಯಂತ್ರ ಮೂರೇ ಕ್ಷಣಗಳಲ್ಲಿ ತೀರ್ಪು ಬರೆದಿತ್ತು: ಗಲಭೆ. ಕೆಳಗೆ ನೆರೆದವರ ನಡಿಗೆ, ಮೈಯ ಬಿಸಿ, ದನಿಯ ಏರಿಳಿತಗಳನ್ನು ಅಳೆದು, ಅದು ಪ್ರತಿಯೊಬ್ಬರನ್ನೂ ನೋಡುಗ, ಭಾಗಿ, ಪ್ರಚೋದಕ ಎಂದು ವಿಂಗಡಿಸುತ್ತಿತ್ತು. ಆಸ್ಪತ್ರೆಯ ಬಟ್ಟೆ ಒಗೆಯುವ ಮಾಬುಬಿ ನದಾಫಳ ಹೆಸರಿನ ಮುಂದೆ ಬಿದ್ದದ್ದು ಮೂರನೆಯದು. 2058ರ ಕಾನೂನಿನಂತೆ ಪ್ರಚೋದಕರಿಗೆ ಐದು ವರ್ಷ ಎಲ್ಲಿಯೂ ಕೆಲಸವಿಲ್ಲ.

ವಿಚಾರಣೆಯಲ್ಲಿ ಪೊಲೀಸ್ ಅಧಿಕಾರಿ ಅಂದಿನ ನೆರವಿಯನ್ನು ಗಲಭೆ ಎಂದರು. ಕಾರ್ಮಿಕ ಸಂಘದ ಕಾರ್ಯದರ್ಶಿ ಸತ್ಯಾಗ್ರಹ ಎಂದರು. ಮಧ್ಯಾಹ್ನದವರೆಗೂ ಇಬ್ಬರೂ ಜಗ್ಗಾಡಿದರು. ಮೂಲೆಯ ಬೆಂಚಿನಲ್ಲಿ ಕುಳಿತ ಮಾಬುಬಿಯನ್ನು ಯಾರೂ ಏನೂ ಕೇಳಲಿಲ್ಲ.

ಆಗ ಯಂತ್ರವನ್ನು ರೂಪಿಸಿದ ಡಾ. ಇಂದುಮತಿ ಕೊಪ್ಪದ ಎದ್ದು ನಿಂತರು. "ನನ್ನ ಯಂತ್ರ ದನಿ ಅಳೀತದ, ಮಾತು ಕೇಳಂಗಿಲ್ಲ. ಅದಕ್ಕ ನಾನೇ ಕುಂತು ಕೇಳಿದೆ. ಪೂರಾ ನಾಲ್ಕು ತಾಸು."

ಅವರು ಆ ದಿನದ ಧ್ವನಿಮುದ್ರಿಕೆ ಹಾಕಿದರು. ಗದ್ದಲದ ನಡುವೆ ಮಾಬುಬಿಯದೇ ಗಂಟಲು: "ದಾರಿ ಬಿಡ್ರಿ! ಪೊಲೀಸಕ್ಕ ಬಿಸಿಲಿಗೆ ಬಿದ್ದಾಳ, ದಾರಿ ಬಿಡ್ರಿ!"

ಅಧಿಕಾರಿ ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟರು. "ಬಿದ್ದಾಕಿ ನಮ್ಮ ಠಾಣೆಯಾಕಿ. ಆಕಿನ್ನ ಆಸ್ಪತ್ರಿಗೆ ಯಾರು ಎತ್ತಿಕೊಂಡು ಹೋದ್ರು ಅಂತ ನಮಗ ಗೊತ್ತೇ ಇರ್ಲಿಲ್ಲ," ಎಂದರು. ಮಾಬುಬಿಯ ಹಣೆಪಟ್ಟಿ ಅಂದೇ ಅಳಿಸಿಹೋಯಿತು.

ಹೊರಗೆ ಬೇವಿನ ನೆರಳಿನಲ್ಲಿ ಅವಳು ಇಂದುಮತಿಯವರ ಎರಡೂ ಕೈ ಹಿಡಿದುಕೊಂಡಳು. "ನಾಲ್ಕು ತಾಸು ನಮ್ಮ ಒದರಾಟ ಕೇಳಿದ್ರೇನ್ರೀ ಅಕ್ಕಾರ? ನನ್ನ ಮಾತು ಅಷ್ಟೊತ್ತು ಯಾರೂ ಕೇಳಿದ್ದಿಲ್ಲ ನೋಡ್ರಿ."

ಇಂದುಮತಿಯವರ ಕಣ್ಣು ತುಂಬಿತು. "ನಿಮ್ಮ ಈ ಕೇಸು ಬರದಿದ್ರ ನಾನೂ ಕೇಳ್ತಿರಲಿಲ್ಲವ್ವಾ," ಎಂದರು.

ಮರುವರ್ಷ ಅವರು ಯಂತ್ರದಿಂದ ಜನರನ್ನು ವಿಂಗಡಿಸುವ ವರ್ಗದ ಅಂಕಣವನ್ನೇ ಕಿತ್ತುಹಾಕಿ, ಆಡಿದ ಮಾತನ್ನು ಬರೆದಿಡುವುದನ್ನು ಕಲಿಸಿದರು. ವೃತ್ತದ ಆ ದಿನದ ದಾಖಲೆ ಈಗ ಹೀಗಿದೆ: ಆಸ್ಪತ್ರೆಯ ಬಟ್ಟೆ ಒಗೆಯುವವರು ರಬ್ಬರಿನ ಕೈಗವಸು ಕೇಳಿದರು. ಗಲಭೆಯೋ ಸತ್ಯಾಗ್ರಹವೋ ಎಂಬ ಜಗಳದಲ್ಲಿ ಅವರೇಕೆ ನೆರೆದರೆಂದು ಯಾರೂ ಕೇಳಿಯೇ ಇರಲಿಲ್ಲ. ಆಸ್ಪತ್ರೆಯವರು ದಾಖಲೆ ಓದಿದ ಮೇಲೆ ಕೈಗವಸು ಬರಲು ಹಿಡಿದದ್ದು ಒಂದೇ ವಾರ.