ಅವಿನನ ಜೊತೆಗೆ ಉಂಡವರು

ಅವಿನ್ ಬೈಕಿನಿಂದ ಬಿದ್ದು ಸತ್ತ ದಿನ, ಉಪ್ಪಿನಂಗಡಿಯ ಹೊಳೆಗೂ ಬಾರದಂಥ ಕಣ್ಣೀರಿನ ನೆರೆ ನಮ್ಮ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಬಂದಿತ್ತು. ಮಳೆಗಾಲದ ಆಟಿ ತಿಂಗಳಲ್ಲಿ ಅವನ ಅಮ್ಮ ಅವನದೇ ಫೋನಿನಿಂದ, "ಅವಿನನಿಗೆ ಬಡಿಸುದುಂಟು, ಎಲ್ಲರೂ ಬನ್ನಿ ಮಕ್ಕಳೇ" ಎಂದು ಬರೆದರು. ಎಲ್ಲರೂ ಹೃದಯದ ಇಮೋಜಿ ಒತ್ತಿದರು. ಕೊಯಿಲದ ಅವನ ಮನೆಗೆ ಹೋದವನು ನಾನೊಬ್ಬನೇ.

ತೀರಿಕೊಂಡವರಿಗೆ ಇಷ್ಟದ ಅಡುಗೆ ಬಡಿಸಿ, ಬಾಗಿಲು ಮುಚ್ಚಿ, ಹೊರಗೆ ಸುಮ್ಮನೆ ಕಾಯುವುದು ನಮ್ಮ ಕಡೆಯ ಕ್ರಮ. ಅವಿನನ ಅಮ್ಮ ಗರಿಗರಿ ರೊಟ್ಟಿಗೆ ಕೋಳಿಸಾರು ಹಾಕಿದ ಕೋರಿ ರೊಟ್ಟಿ ಬಡಿಸಿ, ಬಾರದ ಗೆಳೆಯರಿಗೂ ಸಾಲಾಗಿ ಎಲೆ ಹಾಕಿದರು.

"ಅವ ಒಬ್ಬನೇ ಕೂತು ಉಣ್ಣುವವ ಅಲ್ಲ ಮಗಾ. ಇಷ್ಟು ಮಾಡಿದರೆ ಬರ್ತಾನಲ್ಲ?"

ಬಾಗಿಲು ಮುಚ್ಚಿದ ಸ್ವಲ್ಪ ಹೊತ್ತಿಗೆ ಒಳಗೆ ರೊಟ್ಟಿ ಮುರಿಯುವ ಸದ್ದಾಯಿತು. ಬಾಗಿಲ ಹಲಗೆ ಮಂಜುಗಡ್ಡೆಯಂತೆ ತಣ್ಣಗಾಯಿತು. ಆಮೇಲೆ ನಮ್ಮ ಕ್ಲಾಸಿನ ಸುಪ್ರಿತಾಳ ನಗು, ಲತೀಶನ ಕೆಮ್ಮು. ಕ್ಲಾಸಿನ ಎಲ್ಲರ ಸ್ವರವನ್ನೂ ಅಣಕಿಸುವ ನನಗೆ ಗುರುತು ತಪ್ಪುವುದಿಲ್ಲ. ಮೊಬೈಲ್ ತೆರೆದೆ. ಅವರಿಬ್ಬರೂ ಆಗಷ್ಟೇ ಪುತ್ತೂರಿನಿಂದ ಐಸ್‌ಕ್ರೀಮ್ ತಿನ್ನುವ ಸೆಲ್ಫಿ ಹಾಕಿದ್ದರು.

"ಸಾರು ಲಾಯ್ಕುಂಟಮ್ಮಾ!" ಒಳಗೆ ಅವಿನನ ಸ್ವರ, ಹಿಂದೆಯೇ ಮೂಗು ಸುರ್ರೆಂದು ಎಳೆದ ಸದ್ದು. ಎಲ್ಲರೂ ಗೊಳ್ಳೆಂದು ನಕ್ಕರು.

ಅಮ್ಮ ಬಾಗಿಲಿಗೆ ಕೆನ್ನೆಯೊತ್ತಿ ಅತ್ತರು. "ಬಂದ ಮಗಾ, ನನ್ನ ಅವಿನ ಬಂದ."

ನಾನು ಹೂಂ ಎಂದೆ. ಅವಿನ್ ಯಾವತ್ತೂ ಹಾಗೆ ಮೂಗೆಳೆದವನಲ್ಲ. ಅದು ಅವನನ್ನು ಅಣಕಿಸುವಾಗ ಕ್ಯಾಂಟೀನು ನಗಲೆಂದು ನಾನು ಸೇರಿಸುತ್ತಿದ್ದದ್ದು. ಹೊರಗೆ ನಾನು ಬಾಯಿ ಮುಚ್ಚಿ ನಿಂತಿದ್ದೆ. ಒಳಗೆ ಅವನ ಸ್ವರ ಮಾಡುತ್ತಿದ್ದವನೂ ನಾನೇ.