ಗಾಡಿಗೆ ಕೊಟ್ಟ ನಂಬರ್

ಆರು ತಿಂಗಳಿಗೊಮ್ಮೆ ನನ್ನ ಫೋನಿಗೆ ಒಂದು ಮೆಸೇಜ್ ಬರ್ತಿತ್ತು. ‘ಪ್ರಿಯ ಸುಜಯ ಅವರೇ, ನಿಮ್ಮ ಕಾರಿನ ಸರ್ವಿಸ್ ದಿನಾಂಕ ಹತ್ತಿರ ಬಂದಿದೆ.’

ನಾನು ಸುಜಯ ಅಲ್ಲ. ದಾನೇಶ್ವರಿ, ಸಿಂದಗಿಯೊಳಗ ಹೈಸ್ಕೂಲ್ ಗಣಿತ ಟೀಚರ್. ನನ್ನ ಹತ್ರ ಕಾರೂ ಇಲ್ಲ, ಸುಜಯನೂ ಇಲ್ಲ. ಎರಡೂ ಮುದ್ದೇಬಿಹಾಳದಾಗ ಅದಾವ, ವೃಂದಾ ಅನ್ನೋ ಹೆಣ್ಮಗಳ ಮನಿಯಾಗ.

ಗಾಡಿ ತಗೊಂಡಾಗ ಅವ ಇನ್ನೂ ನನ್ನವ. ಮನಿಯವರಿಗೆ ಹೇಳದ ಬುಕ್ ಮಾಡಿದ್ದ. ಮನಿಯಾಗ ಅವನ ಫೋನ್ ಅವನ ತಾಯಿ ಸರಸ್ವತೀಬಾಯಿನ ಎತ್ತತಿದ್ರು, ಅವ ಆಯಿ ಅಂತಿದ್ದ. ಅದಕ್ಕ ಶೋರೂಮಿನವರು ಮೊಬೈಲ್ ನಂಬರ್ ಕೇಳಿದ ಕೂಡಲೇ ನನ್ನ ಕಡೆ ತಿರುಗಿದ. ಕನ್ನಡಕ ಮೂಗಿನ ತುದಿಗೆ ಇಳದಿತ್ತು. ಅದರ ಮ್ಯಾಲಿಂದ ನೋಡಿ, ಒಂದು ಹುಬ್ಬು ಎತ್ತಿದ.

“ನಿಂದ ಬರಸ್ಲೇನು? ನಾಳೆ ಇಬ್ಬರದೂ ಒಂದ ಮನಿ. ಯಾರ ನಂಬರ್ ಇದ್ರೇನು?”

“ಬರಸು. ಆಮ್ಯಾಲೆ ಸರ್ವಿಸ್ ಮರತ್ರ ಬೈಸ್ಕೊಳ್ಳಾಕ ತಯಾರಿರು.”

“ಬೈಸ್ಕೊಳ್ಳಲಿಕ್ಕೇ ಬರಸ್ತೀನಿ.”

ನಮ್ಮ ಮನಿ ಮಾತಿನ್ಯಾಗ ‘ಬೈಸ್ಕೊಳ್ಳಾಕ’, ಅವರ ಬ್ರಾಹ್ಮಣ ಮನಿಯಾಗ ‘ಬೈಸ್ಕೊಳ್ಳಲಿಕ್ಕೆ’. ಅವನ ಬಾಯಾಗ ಅದನ್ನ ಕೇಳಾಕ ನನಗ ಭಾಳ ಚಂದ ಅನಸ್ತಿತ್ತು.

ಎಂಟು ತಿಂಗಳಾದ ಮ್ಯಾಲೆ ಅದ ಗಾಡಿಯಾಗ ಕುಂಡ್ರಿಸಿಕೊಂಡು ಹೇಳಿದ. “ಆಯಿ ಎರಡು ದಿನದಿಂದ ಊಟ ಬಿಟ್ಟಾಳ, ದಾನಿ. ಲಿಂಗಾಯತರ ಹುಡುಗಿ ಬ್ಯಾಡಂತ.”

“ನಾ ಊಟ ಬಿಟ್ರ ನಡೀತೈತೇನು?” ಅಂತ ಕೇಳಿದೆ.

ಸ್ಟೇರಿಂಗ್ ನೋಡ್ಕೋತ ಕುಂತ. ಹೇಡಿ. ಇವತ್ತಿಗೂ ಅವಗ ಅದ ಮಾತು ಅಂತೇನಿ.

ಹಂಗಂತ ನಾನೇನ್ ದೊಡ್ಡ ಶಾಣ್ಯಾಕಿ? ‘ಇದು ಅವರ ನಂಬರ್ ಅಲ್ರಿ’ ಅಂತ ಕಂಪನಿಗೆ ಒಂದು ಫೋನ್ ಹಚ್ಚಿದ್ರ ಮುಗೀತಿತ್ತು. ನಾಕು ವರ್ಷ ಹಚ್ಚಲಿಲ್ಲ. ಆ ಮೆಸೇಜ್ ಬಂದ ದಿನ ಅವ ಅಲ್ಲೆ ಅದಾನ, ಗಾಡಿ ಹೊಡ್ಯಾಕತ್ತಾನ ಅಂತ ಅನ್ಕೋತಿದ್ದೆ. ಮನಿಯಾಗ ತೋರಿಸಿದ ಎರಡು ವರ ಬ್ಯಾಡ ಅಂದೆ. ನಾಚಿಕಿಗೇಡು ಅಂತೀರಿ, ಅನ್ರಿ.

ಈ ಜುಲೈದಾಗ ಬ್ಯಾರೆ ಮೆಸೇಜ್ ಬಂತು. ಸೇಫ್ಟಿ ರಿಕಾಲ್ ಅಂತ, ಕಂಪನಿಯವರ ಗಾಡಿ ವಾಪಸ್ ಕರಿಸಿ ಪುಕ್ಕಟೆ ದುರಸ್ತಿ ಮಾಡಿ ಕೊಡೂದು. ಆ ವರ್ಷ ತಯಾರಾದ ಕೆಲವು ಗಾಡಿಗಳ ಏರ್‌ಬ್ಯಾಗಿನ್ಯಾಗ ದೋಷ ಐತಿ, ನಿಮ್ಮ ಗಾಡಿ ಅದರಾಗ ಐತೇನು ಚಾಸಿ ನಂಬರ್ ಹಾಕಿ ನೋಡ್ರಿ ಅಂತ ಬರದಿದ್ರು. ಅವನ ಆರ್‌ಸಿ ಕಾರ್ಡಿನ ಫೋಟೋ ನನ್ನ ಫೋನಿನ್ಯಾಗ ಇನ್ನೂ ಇತ್ತು. ಕಂಪನಿ ವೆಬ್‌ಸೈಟ್ ತಗದು ಹದಿನೇಳು ಅಕ್ಷರ ಒಂದೊಂದ ನೋಡಿ ಹಾಕಿದೆ. ಕೆಂಪು ಅಕ್ಷರದಾಗ ಉತ್ತರ ಬಂತು: ಈ ಗಾಡಿಗೆ ರಿಕಾಲ್ ಐತಿ, ಕೆಲಸ ಇನ್ನೂ ಆಗಿಲ್ಲ. ಅಪಘಾತದಾಗ ಏರ್‌ಬ್ಯಾಗ್ ಉಬ್ಬಿದ್ರ ಕಬ್ಬಿಣದ ಚೂರು ಡ್ರೈವರ್ ಮುಖಕ್ಕ ಸಿಡೀಬಹುದು.

ಮೂರು ದಿನ ಸುಮ್ಮ ಇದ್ದೆ. ಹೇಳಿದ್ರ ನಂಬರ್ ಬದಲಿ ಮಾಡಸ್ತಾನ, ಇನ್ನ ಮೆಸೇಜೂ ಬರಂಗಿಲ್ಲ. ಅಷ್ಟಕ್ಕ ಒಬ್ಬನ ಜೀವ ಕೈಯಾಗ ಹಿಡಕೊಂಡು ಕುಂತಿದ್ದೆ. ನಾಕನೇ ದಿನ ರೊಟ್ಟಿ ಬಿಟ್ಟು ಎದ್ದೆ. ಅವನ ಹಳೇ ನಂಬರಿಗೆ ಫೋನ್ ಹಚ್ಚಿದೆ.

ಒಂದ ರಿಂಗಿಗೆ ಎತ್ತಿದ. “ದಾನಿ?”

“ಗಾಡಿ ಮುಟ್ಟಬ್ಯಾಡ. ಏರ್‌ಬ್ಯಾಗಿಂದು ರಿಕಾಲ್ ಐತಿ.”

“ನಾಲ್ಕು ವರ್ಷದ ಮ್ಯಾಲೆ ಫೋನ್ ಮಾಡಿ ಏರ್‌ಬ್ಯಾಗ್ ಅಂತೀಯಲ್ಲ.”

“ಮತ್ತೇನು, ಯುಗಾದಿ ಶುಭಾಶಯ ಹೇಳ್ಲೇನು? ಶನಿವಾರಕ್ಕ ಸಿಂದಗಿ ಬೈಪಾಸಿನ ಸರ್ವಿಸ್ ಸೆಂಟರಿನ್ಯಾಗ ಬುಕ್ ಮಾಡೇನಿ. ಅಲ್ಲಿಯವರ ಬಂದು ಗಾಡಿ ಎತ್ತಿಕೊಂಡು ಹೋಗ್ತಾರ. ನೀ ಬಸ್ಸಿಗೆ ಬಾ.”

“ಕೆಲಸ ಶುರು ಮಾಡಲಿಕ್ಕೆ ಓಟಿಪಿ ನಿನ್ನ ಫೋನಿಗೆ ಬರ್ತದ. ನೀನೂ ಬರಬೇಕಾಗ್ತದಲ್ಲ.”

ಓಟಿಪಿ ಫೋನಿನ್ಯಾಗನ ಹೇಳಬಹುದಿತ್ತು. ಅವಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹೋದೆ. ಹೊಸಾ ಸೀರಿ ಉಟ್ಗೊಂಡು ಹೋದೆ, ಮುಚ್ಚಿಡೂದೇನೈತಿ.

ಅವನ ಕೂದಲ ಅಲ್ಲಲ್ಲಿ ಬೆಳ್ಳಗಾಗಿದ್ವು. ನನ್ನನ್ನ ಕಾಲಿಂದ ನೋಡ್ಕೋತ ಬಂದು ಮುಖದ ಮ್ಯಾಲೆ ಕಣ್ಣು ನಿಲ್ಲಿಸಿದ. ಕನ್ನಡಕ ತಗದು ಅಂಗಿ ತುದೀಲೆ ಒರಸಿದ. ಒರಸೂದು ಮುಗೀಲೇ ಇಲ್ಲ.

“ಈ ಬಣ್ಣ ನಿನಗ ಒಪ್ತದ,” ಅಂದ.

“ಗಾಡಿ ನೋಡು. ಸೀರಿ ಬ್ಯಾಡ.”

ನಕ್ಕ. ಸುಡ್ಲಿ, ನನಗೂ ನಗು ಬಂತು.

ಗಾಜಿನ ಆಚಿಗೆ ಮೆಕ್ಯಾನಿಕ್ ಸ್ಟೇರಿಂಗ್ ಬಿಚ್ಚಾಕತ್ತಿದ್ದ. ನಾವಿಬ್ಬರೂ ಚಾದ ಕಪ್ ಹಿಡಕೊಂಡು ಕುಂತಿವಿ, ನಡುವ ಒಂದು ಕುರ್ಚಿ ಬಿಟ್ಟು. ಅವ ದನಿ ಇಳಿಸಿದ.

“ದಾನಿ, ನಂಬರ್ ಬದಲಿ ಮಾಡಸೋದು ಮರತಿಲ್ಲ ನಾ. ಬೇಕಂತನ ಬಿಟ್ಟೆ. ಆರು ತಿಂಗಳಿಗೊಮ್ಮೆಯಾದ್ರೂ ನನ್ನ ಹೆಸರು ನಿನ್ನ ಫೋನಿನ್ಯಾಗ ಬರ್ಲಿ ಅಂತ. ಇವತ್ತಿಗೂ ನೀನ ನನ್ನ ಮನಸಿನ್ಯಾಗ ಇರೋದು.”

ಸುಳ್ಳು ಯಾಕ ಹೇಳ್ಲಿ, ಈ ಮಾತಿಗೆ ನಾಕು ವರ್ಷ ಕಾದಾಕಿ ನಾನು. ಕೈ ಚಾಚಿದ್ರ ಅವನ ಕೈ ಸಿಗ್ತಿತ್ತು.

“ಈ ಮೆಸೇಜ್ ನಾನು ಓದದ ಅಳಸಿದ್ರ?” ಅಂತ ಕೇಳಿದೆ.

“ನೀ ಅಳಸೂದಿಲ್ಲ. ನನಗ ಗೊತ್ತದ.”

ಎಷ್ಟು ಆರಾಮ ಹೇಳಿದ ನೋಡ್ರಿ. ನಾನು ಕಾಯ್ಕೋತ ಕುಂತಿರ್ತೇನಿ ಅನ್ನೂದು ಅವಗ ಗ್ಯಾರಂಟಿ ಇದ್ದ ಸಂಗತಿ. ಮೈಯೆಲ್ಲ ಉರೀತು.

“ಅಳಸ್ಲಿಲ್ಲ. ಆದ್ರ ಮೂರು ದಿನ ಮುಚ್ಚಿಟ್ಟಿದ್ದೆ, ಸುಜಯ. ಸೋಮವಾರ ಬಂದಿದ್ದು, ಗುರುವಾರ ಹೇಳೇನಿ.”

ಅವನ ಮುಖ ಬೆಳ್ಳಗಾತು. ಕಪ್ ಕೆಳಗಿಟ್ಟ.

“ಬುಧವಾರ ವೃಂದಾ ಈ ಗಾಡಿ ತಗೊಂಡು ಬಸವನ ಬಾಗೇವಾಡಿಗೆ ಹೋಗಿದ್ಲು,” ಅಂದ. “ಅಕೀನ ಹೊಡದ್ಲು. ಮಗಳನ್ನೂ ಕರಕೊಂಡು.”

ಅಕಿ ನನಗೇನ್ ಮಾಡಿದ್ಲು? ಅವಗ ನೆನಪು ಬೇಕಿತ್ತು, ನನಗೂ ಬೇಕಿತ್ತು. ನಮ್ಮಿಬ್ಬರ ಈ ಚೆಲ್ಲಾಟದಾಗ ಏನೂ ಗೊತ್ತಿಲ್ಲದ ಆ ಹೆಣ್ಮಗಳು ಆ ಸೀಟಿನ್ಯಾಗ ಕುಂತಿದ್ಲು. ನನ್ನ ಮ್ಯಾಲೆ ನನಗ ಹೇಸಿಕಿ ಬಂತು.

ಅಷ್ಟೊತ್ತಿಗೆ ಸರ್ವಿಸ್ ಸೆಂಟರಿನ ಕುತುಬುದ್ದೀನ ಬಂದ. “ಕೆಲಸ ಮುಗೀತ್ರಿ ಸರ್. ಮೊಬೈಲ್ ನಂಬರ್ ಇದ ಇರ್ಲೇನ್ರಿ?”

“ಇರ್ಲಿ,” ಅಂದ ಸುಜಯ.

“ಬ್ಯಾಡ್ರಿ,” ಅಂದೆ. “ಅವರ ಮನಿಯವರ ನಂಬರ್ ಹಾಕ್ರಿ. ಗಾಡಿ ಅವರೂ ಹೊಡೀತಾರ. ಹೇಳು ಸುಜಯ, ವೃಂದಾನ ನಂಬರ್.”

ಅವ ಜೇಬಿನಿಂದ ಫೋನ್ ತಗದ. ಹೆಂಡ್ತಿ ನಂಬರ್ ನೋಡಿ ಓದಿದ, ನಿಧಾನ, ಒಂದೊಂದ ಅಂಕಿ. ನನ್ನದು ಅವಗ ಬಾಯಿಪಾಠ. ಮೊದಲಾಗಿದ್ರ ಇಷ್ಟಕ್ಕ ಹಿಗ್ಗಿ ಹೀರೇಕಾಯಿ ಆಗ್ತಿದ್ದೆ. ಆವತ್ತು ವೃಂದಾನ ಸಲುವಾಗಿ ಕರುಳು ಚುರುಕ್ ಅಂತು.

“ಬದಲಿ ಮಾಡಾಕ ಹಳೇ ನಂಬರಿಗೆ ಒಂದು ಓಟಿಪಿ ಬರ್ತೈತ್ರಿ ಮೇಡಂ,” ಅಂದ ಕುತುಬುದ್ದೀನ.

ಬಂತು. ‘ಪ್ರಿಯ ಸುಜಯ ಅವರೇ’ ಅಂತನ ಬಂತು. ಸುಜಯ ನನ್ನ ನೋಡಿ ತಲಿ ಅಲ್ಲಾಡಿಸಿದ, ಬ್ಯಾಡ ಅನ್ನುವಂಗ.

“ಇನ್ನ ನಾ ಹ್ಯಾಂಗಿದ್ದೀನಿ ಅಂತ ನಿನಗ ಹ್ಯಾಂಗ ಗೊತ್ತಾಗಬೇಕು?”

“ಗೊತ್ತಾಗಬಾರದು,” ಅಂದೆ. ಕುತುಬುದ್ದೀನನ ಕಡೆ ತಿರುಗಿ, ಕ್ಲಾಸಿನ್ಯಾಗ ಹೇಳುವಂಗ ಗಟ್ಟಿಯಾಗಿ ಓದಿದೆ. “ಏಳು. ಸೊನ್ನೆ. ಮೂರು. ಎರಡು.”

“ಆತ್ರೀ ಮೇಡಂ.”

ಬಾಗಿಲತನಕ ಸುಜಯ ಹಿಂದ ಬಂದ. ನಾನು ತಿರುಗಿ ನೋಡ್ಲಿಲ್ಲ, ಆಟೋ ಹತ್ತಿದೆ. ಆಗ ಮುದ್ದೇಬಿಹಾಳದಾಗ ವೃಂದಾನ ಫೋನಿಗೆ ಮೆಸೇಜ್ ಹೋಗಿರಬೇಕು, ನಿಮ್ಮ ಗಾಡಿ ಈಗ ಸುರಕ್ಷಿತ ಐತಿ ಅಂತ. ಅಕಿ ಓದಿ ಫೋನ್ ಬದಿಗಿಟ್ಟು ತನ್ನ ಕೆಲಸಕ್ಕ ಹೋಗಿರಬೇಕು. ನಾನು ಬಸ್ ಸ್ಟ್ಯಾಂಡ್ ಬರೂತನಕ ಅತ್ತೆ.