ಗುಂಡವ್ವನ ಲಾಗಿನ್

ಇಂಡಿ ತಾಲೂಕಿನ ಲಿಂಬೆ ವ್ಯಾಪಾರಿಗಳಿಗೆಂದು ನಾನೂ ನನ್ನ ಕೆಲಸದ ಹುಡುಗ ಜುಲ್ಫಿಕರನೂ ಒಂದು ವೆಬ್‌ಸೈಟ್ ನಡೆಸುತ್ತೇವೆ. ಒಳಗಿರುವವರು ಯಾರೆಂದು ಅದು ಪ್ರತಿ ಪುಟದಲ್ಲೂ ಪರೀಕ್ಷಿಸುತ್ತದೆ. ಮೊನ್ನೆ ಮಟಮಟ ಮಧ್ಯಾಹ್ನ ನೋಡಿದರೆ, ಹೋದ ವರ್ಷ ತೀರಿಕೊಂಡ ಗೊಳಸಂಗಿಯ ಗುಂಡವ್ವ ಲಾಗಿನ್ ಆಗಿ ಲಿಂಬೆಗೆ ದರ ಕೂಗುತ್ತಿದ್ದಳು. ಬದುಕಿದ್ದಾಗ ಅವಳು ಮೊಬೈಲ್ ಮುಟ್ಟಿದವಳಲ್ಲ; ಅವಳ ಪಾಸ್‌ವರ್ಡ್ ಒತ್ತುತ್ತಿದ್ದವನು ಜುಲ್ಫಿಕರ.

"ಇದು ನಿಂದ ಆಟ. ಒಪ್ಕೊ, ಇಲ್ಲಂದ್ರ ನಾಳಿಂದ ಕೆಲಸಕ್ಕ ಬರಬ್ಯಾಡ."

"ನನ್ನ ಎರಡೂ ಕೈ ಹಿಡ್ಕೋರಿ ಕಾಕಾ. ಆಮ್ಯಾಲ ಬೈರಿ."

ಎಲ್ಲರ ಸೆಷನ್ ಅಳಿಸಿ, ನಮ್ಮಿಬ್ಬರನ್ನೂ ಸೇರಿಸಿ ಎಲ್ಲರನ್ನೂ ಸೈಟಿನಿಂದ ಹೊರಹಾಕಿದೆ. ಅವನನ್ನು ಬಾಗಿಲ ಬಳಿ ಕೂರಿಸಿ ಕೈ ಹಿಡಿದುಕೊಂಡೆ. ಸೆಕೆಯಲ್ಲೂ ಕೋಣೆ ತಣ್ಣಗಾಯಿತು. ಲಿಂಬೆ ಹಿಂಡಿದ ವಾಸನೆ ಬಂತು. ಟಿಂಗ್ ಎಂದು ಹೊಸ ದರ ಬಿತ್ತು. ಅವನ ಕೈ ಬಿಟ್ಟು ಎದ್ದುಹೋಗಿ ಸ್ಕ್ರೀನ್ ನೋಡಿದೆ. ನಾವಿಬ್ಬರೂ ಹೊರಗೆ, ಗುಂಡವ್ವ ಒಳಗೇ.

ಬಾಗಿಲ ಬಳಿಯಿಂದ ಜುಲ್ಫಿಕರ ಹೇಳಿದ: "ಈಗರೆ ಕೈ ಬಿಡ್ರಿ ಕಾಕಾ, ನಿಮ್ಮ ಕೈ ಭಾಳ ತಣ್ಣಗ ಹತ್ತಾಕತ್ತಾವ."